ನೆಲೆ ಕಳೆದುಕೊಂಡವರು ನಮ್ಮೂರಿಗೆ ಬಂದಾಗ: ಕೊಡಗಿನವರಿಗೊಂದು ಕೈಪಿಡಿ

2018ರ ಆಗಸ್ಟ್. ಮಳೆ ಇನ್ನೂ ನಿಂತಿರಲಿಲ್ಲ. ಒಂದು ಕಲ್ಯಾಣಮಂಟಪದಲ್ಲಿ ಪರಿಹಾರ ಕೇಂದ್ರ ತೆರೆದಿದ್ದರು. ಮಂಟಪದ ಮೂಲೆಯಲ್ಲಿ ಹಳೇ ಬಟ್ಟೆಯ ರಾಶಿ ನನ್ನ ಎದೆಮಟ್ಟಕ್ಕೆ ಬಂದಿತ್ತು. ಜರಿ ಸೀರೆ, ಯಾರದೋ ಮದುವೆಯ ಕೋಟು, ಮಕ್ಕಳ ಫ್ಯಾನ್ಸಿ ಡ್ರೆಸ್ಸು, ಜೊತೆ ಇಲ್ಲದ ಒಂಟಿ ಶೂ. ಎಲ್ಲವೂ ಲಾರಿಯಲ್ಲೇ ನೆನೆದು ಮುಗ್ಗಲು ಹಿಡಿದಿತ್ತು. ನಾವು ನಾಲ್ಕು ಜನ ಎರಡು ದಿನ ಕೂತು ಅದನ್ನೇ ವಿಂಗಡಿಸಿದೆವು. ಮೂರನೇ ದಿನ ಮಕ್ಕಂದೂರು ಕಡೆಯ ಒಬ್ಬರು ಹತ್ತಿರ ಬಂದು, ದನಿ ತಗ್ಗಿಸಿ ಕೇಳಿದರು: "ಸೀರೆ ಸಾಕು ಮಗಾ, ಒಳಗೆ ಹಾಕ್ಲಿಕ್ಕೆ ಏನಾದ್ರೂ ಉಂಟಾ?"

ಅಷ್ಟು ದೊಡ್ಡ ರಾಶಿಯಲ್ಲಿ ಒಂದೇ ಒಂದು ಹೊಸ ಒಳಉಡುಪು ಇರಲಿಲ್ಲ.

ಅದೇ ಸಂಜೆ ಇನ್ನೊಬ್ಬರು ಪರಿಹಾರದ ಅರ್ಜಿ ಹಿಡಿದುಕೊಂಡು ಸುಮ್ನೆ ಕೂತಿದ್ದರು. ಓದು ಬರದವರೇನಲ್ಲ. ಕನ್ನಡಕ ಮನೆಯ ಜೊತೆ ಮಣ್ಣಿನಡಿ ಹೋಗಿತ್ತು. ಅವರಿಗೆ ಬೇಕಾಗಿದ್ದು ಬಿಸ್ಕೆಟ್ಟಲ್ಲ. ಪಕ್ಕದಲ್ಲಿ ಕೂತು ಅರ್ಜಿ ಓದಿ ಹೇಳುವ, ಮರುದಿನ ಕಚೇರಿಗೆ ಜೊತೆಗೆ ಬರುವ ಒಬ್ಬ ಮನುಷ್ಯ ಬೇಕಿತ್ತು.

ನೆಲೆ ತಪ್ಪಿದವರಿಗೆ ಊರಿನವರು ಏನು ಮಾಡಬಹುದು ಅಂತ ಯಾರಾದರೂ ಕೇಳಿದರೆ ನನಗೆ ಈ ಇಬ್ಬರೇ ಮೊದಲು ನೆನಪಾಗುತ್ತಾರೆ. ಕೊಡುವುದಕ್ಕೆ ಜನ ಸಿಗುತ್ತಾರೆ, ಜೊತೆಗೆ ಹೋಗುವುದಕ್ಕೆ ಸಿಗುವುದಿಲ್ಲ. ಬೇರೆ ದೇಶದಿಂದ ಓಡಿ ಬಂದವರಿಗಂತೂ ಈ ಕಷ್ಟ ಎರಡರಷ್ಟು. ಭಾಷೆ ಬಾರದು, ಕಾಗದ ಇಲ್ಲ, ಹೊಳೆ ಇಳಿದ ಮೇಲೆ ವಾಪಸ್ ಹೋಗಿ ನೋಡೋಣ ಅನ್ನುವುದಕ್ಕೆ ಊರೂ ಇಲ್ಲ.

ಮೊದಲ ಹೆಜ್ಜೆ: ಬಂದವರು ಯಾರು ಅಂತ ತಿಳಿದುಕೊಳ್ಳಿ

ನಾವು 'ನಿರಾಶ್ರಿತರು' ಅನ್ನುವ ಒಂದೇ ಪದವನ್ನು ಎಲ್ಲರಿಗೂ ಬಳಸುತ್ತೇವೆ. ಕುಶಾಲನಗರದ ಸೇತುವೆ ದಾಟಿ ಕೊಪ್ಪ, ಅದರಾಚೆ ಬೈಲುಕುಪ್ಪೆ. ಕಾವೇರಿಯ ಈಚೆ ಕೊಡಗು, ಆಚೆ ಮೈಸೂರು ಜಿಲ್ಲೆ. ದಲೈ ಲಾಮಾ 1959ರಲ್ಲಿ ಟಿಬೆಟ್ ಬಿಟ್ಟು ಬಂದ ನಂತರ, 1960ರ ದಶಕದ ಆರಂಭದಲ್ಲಿ, ಆಗಿನ ಮೈಸೂರು ರಾಜ್ಯ ಕೊಟ್ಟ ಕಾಡುಜಾಗವನ್ನು ಟಿಬೆಟನ್ನರು ಕಡಿದು ಹಸನು ಮಾಡಿ, ಆನೆ ಕಾಟದ ನಡುವೆ ಜೋಳ ಬೆಳೆದರು. ಅವರು ವಿದೇಶದಿಂದ ಬಂದ ನಿರಾಶ್ರಿತರು. ಇತ್ತ ನಮ್ಮದೇ ಗಡಿಯ ಸುಳ್ಯದಲ್ಲಿ ರಬ್ಬರ್ ತೋಟಗಳಿಗೆ ಶ್ರೀಲಂಕಾದಿಂದ ಬಂದ ತಮಿಳರಿದ್ದಾರೆ. ಅವರು 1964ರ ಶಾಸ್ತ್ರಿ-ಸಿರಿಮಾವೋ ಒಪ್ಪಂದದ ಪ್ರಕಾರ ಭಾರತದ ಪೌರತ್ವದ ಮೇಲೆ ಬಂದವರು. ಹೊರಗಿನಿಂದ ಬಂದವರಂತೆ ಕಂಡರೂ ಕಾನೂನಿನ ಲೆಕ್ಕದಲ್ಲಿ ನಿರಾಶ್ರಿತರಲ್ಲ. 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ ಗುಡಿಸಲು ಕಳೆದುಕೊಂಡ ಆದಿವಾಸಿಗಳು, 2018ರಲ್ಲಿ ಗುಡ್ಡ ಜರಿದು ಬೀದಿಗೆ ಬಿದ್ದವರು, 2019ರಲ್ಲಿ ಕರಡಿಗೋಡು, ನೆಲ್ಯಹುದಿಕೇರಿಯ ಹೊಳೆದಂಡೆಯಿಂದ ಎದ್ದು ಬಂದವರು, ಇವರೆಲ್ಲ ಸ್ವಂತ ಜಿಲ್ಲೆಯಲ್ಲೇ ನೆಲೆ ತಪ್ಪಿದವರು. ಕಾಫಿ ಕೊಯ್ಲಿಗೆ ಬರುವ ಅಸ್ಸಾಮಿನವರು ಕೂಲಿಗೆ ಬಂದವರು.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಹಸಿವು, ಚಳಿ ಎಲ್ಲರಿಗೂ ಒಂದೇ ಆದರೂ ಕಾಗದ ಒಂದೇ ಅಲ್ಲ. ಯಾವ ಕಚೇರಿಗೆ ಹೋಗಬೇಕು ಅನ್ನುವುದು ಅದರ ಮೇಲೆ ನಿಲ್ಲುತ್ತದೆ.

ಆದರೆ ತಿಳಿದುಕೊಳ್ಳುವ ನೆಪದಲ್ಲಿ ಕಥೆ ಕೇಳಬೇಡಿ. "ಅಲ್ಲಿ ಏನಾಯ್ತು, ಹೇಗೆ ತಪ್ಪಿಸ್ಕೊಂಡ್ರಿ, ಯಾರು ಸತ್ರು?" ಅಂತ ಬಂದವರೆಲ್ಲ ಕೇಳಿದರೆ ಅವರು ಅದನ್ನು ದಿನಕ್ಕೆ ಹತ್ತು ಸಲ ಮತ್ತೆ ಅನುಭವಿಸಬೇಕು. "ಊಟ ಆಯ್ತಾ? ಮಲಗ್ಲಿಕ್ಕೆ ಜಾಗ ಉಂಟಾ? ಯಾರಿಗಾದ್ರೂ ಔಷಧಿ ಬೇಕಾ?" ಇಷ್ಟು ಸಾಕು. ಕಥೆ ಅವರಿಗೆ ಬೇಕೆನಿಸಿದಾಗ ಅವರೇ ಹೇಳುತ್ತಾರೆ. ಹೇಳದೆಯೂ ಇರಬಹುದು.

ಎರಡನೇ ಹೆಜ್ಜೆ: ಮೊದಲ ವಾರದ ಸಾಮಾನು

ಊರಿನಲ್ಲಿ ಒಬ್ಬರು ಮಾತ್ರ ಹೋಗಿ ಪಟ್ಟಿ ಮಾಡಿಕೊಂಡು ಬರಲಿ. ಮನೆಗೊಬ್ಬರಂತೆ ಎಲ್ಲರೂ ಹೋಗಿ ಕೇಳಬೇಡಿ. ಹೆಂಗಸರ ಪಟ್ಟಿಯನ್ನು ಹೆಂಗಸರೇ ಮಾಡಲಿ.

ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಂದವರಿಗೆ ಬೇಕಾಗುವುದೇ ಬೇರೆ. ದಪ್ಪ ರಗ್ಗು ಕೊಟ್ಟರೆ ಒಗೆದ ಮೇಲೆ ವಾರವಾದರೂ ಒಣಗುವುದಿಲ್ಲ. ತೆಳುವಾದ ಎರಡು ಕಂಬಳಿ ಒಳ್ಳೆಯದು. ಗಂಬೂಟು, ಕೊಡೆ, ಗೊರಬಿನ ಬದಲಿಗೆ ಪ್ಲಾಸ್ಟಿಕ್ ಹೊದಿಕೆ, ಒಣ ಸೌದೆ ಅಥವಾ ಗ್ಯಾಸ್, ಟಾರ್ಚು, ಮೊಬೈಲ್ ಚಾರ್ಜರ್. ಒಳಉಡುಪು, ಸ್ಯಾನಿಟರಿ ಪ್ಯಾಡ್, ಹೊಸದೇ ಇರಲಿ. ಬಿಪಿ, ಶುಗರ್ ಮಾತ್ರೆ ತೆಗೆದುಕೊಳ್ಳುವವರ ಹೆಸರು ಮೊದಲ ದಿನವೇ ಬರೆದುಕೊಂಡು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಬಯಲುಸೀಮೆ ಕಡೆಯಿಂದ ಬಂದವರಾದರೆ ಜಿಗಣೆ ಕಚ್ಚಿದರೆ ಎಳೆಯಬಾರದು, ಉಗುರಿನಿಂದ ಮೆಲ್ಲಗೆ ಬದಿಗೆ ಸರಿಸಿ ಬಿಡಿಸಬೇಕು ಅಂತ ಹೇಳಿಕೊಡಿ. ನಮಗೆ ನಗು ಬರಬಹುದು. ಮಗುವಿನ ಕಾಲಲ್ಲಿ ರಕ್ತ ನೋಡಿದ ತಾಯಿಗೆ ಅದು ನಗುವ ವಿಷಯವಲ್ಲ.

ಹಳೇ ಬಟ್ಟೆ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ನಿಮ್ಮ ತಂಗಿಗೆ ಕೊಡುವಂಥದ್ದಾದರೆ ಒಗೆದು, ಇಸ್ತ್ರಿ ಮಾಡಿ, ಅಳತೆ ಬರೆದು ಕೊಡಿ. ಇಲ್ಲದಿದ್ದರೆ ನೆಲ ಒರೆಸುವುದಕ್ಕೆ ಮನೆಯಲ್ಲೇ ಇಟ್ಟುಕೊಳ್ಳಿ.

ಇದೆಲ್ಲಕ್ಕಿಂತ ಚೆನ್ನಾಗಿ ನಡೆದ ಒಂದು ಉಪಾಯ ಇದೆ. ಊರಿನ ಅಂಗಡಿಯಲ್ಲಿ ಆ ಕುಟುಂಬದ ಹೆಸರಿನಲ್ಲಿ ಒಂದು ಲೆಕ್ಕ ಬರೆಸಿ. ತಿಂಗಳಿಗೆ ಇಷ್ಟು ಅಂತ ಊರಿನವರು ಸೇರಿ ಕಟ್ಟಿ. ಅವರೇ ಹೋಗಿ, ಅವರಿಗೆ ಬೇಕಾದ ಬೇಳೆ, ಬೇಕಾದ ಸೋಪು ಆರಿಸಿಕೊಳ್ಳಲಿ. ಕೈ ಚಾಚಿ ಪೊಟ್ಟಣ ತೆಗೆದುಕೊಳ್ಳುವುದಕ್ಕೂ ಗಿರಾಕಿಯಾಗಿ ಅಂಗಡಿಯ ಮುಂದೆ ನಿಲ್ಲುವುದಕ್ಕೂ ಎಷ್ಟು ವ್ಯತ್ಯಾಸ, ಅಲ್ವಾ?

ಮೂರನೇ ಹೆಜ್ಜೆ: ಕಾಗದ, ಕಚೇರಿ, ಕೌಂಟರ್

ನಿಜವಾದ ಕೆಲಸ ಇಲ್ಲಿದೆ. ಇಲ್ಲಿಗೆ ಬರುವಷ್ಟರಲ್ಲಿ ಸ್ವಯಂಸೇವಕರು ಅರ್ಧಕ್ಕರ್ಧ ಮನೆಗೆ ಹೋಗಿರುತ್ತಾರೆ.

ಮೊದಲು ಹಿನ್ನೆಲೆ. ನಿರಾಶ್ರಿತರ ಬಗ್ಗೆ 1951ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ನಿರಾಶ್ರಿತರಿಗಾಗಿಯೇ ಮಾಡಿದ ಕಾನೂನೂ ನಮ್ಮಲ್ಲಿಲ್ಲ. ಹಾಗಾಗಿ ಅವರು ಕಾನೂನಿನ ಕಣ್ಣಿಗೆ 'ವಿದೇಶಿಯರು'. ಹಾಗಂತ ಅವರಿಗೆ ಹಕ್ಕೇ ಇಲ್ಲ ಅಂತಲ್ಲ. ಸಂವಿಧಾನದ 21ನೇ ವಿಧಿಯಲ್ಲಿರುವ ಜೀವದ ಹಕ್ಕು ನಾಗರಿಕರಿಗಷ್ಟೇ ಸೀಮಿತವಲ್ಲ, ಇಲ್ಲಿರುವ ಪ್ರತಿ ಮನುಷ್ಯನಿಗೂ ಇದೆ. ಅರುಣಾಚಲದ ಚಕ್ಮಾ ಜನರ ಪ್ರಕರಣದಲ್ಲಿ 1996ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ.

ಟಿಬೆಟನ್ನರ ಬಳಿ 'ಆರ್‌ಸಿ' ಇರುತ್ತದೆ. ನಮಗೆ ಆರ್‌ಸಿ ಅಂದರೆ ಜೀಪಿನದ್ದು, ಅವರಿಗೆ ಬದುಕಿನದ್ದು. ಅದು ನೋಂದಣಿ ಪ್ರಮಾಣಪತ್ರ. ಅವಧಿ ಮುಗಿಯುವ ಮೊದಲು ನವೀಕರಿಸಲೇಬೇಕು. 2014ರ ಟಿಬೆಟನ್ ಪುನರ್ವಸತಿ ನೀತಿಯ ಪ್ರಕಾರ ಅವರಿಗೆ ಕೆಲಸ, ವ್ಯಾಪಾರದ ಪರವಾನಗಿ, ಸರ್ಕಾರಿ ಯೋಜನೆಗಳಿಗೆ ದಾರಿ ಇದೆ. ಕೌಂಟರಿನಲ್ಲಿ ಕೂತವರಿಗೆ ಇದು ಗೊತ್ತಿಲ್ಲದಿದ್ದರೆ ಆದೇಶದ ಪ್ರತಿ ತೋರಿಸಿ. ಗಲಾಟೆ ಮಾಡಬೇಡಿ. ನೀವು ಗಲಾಟೆ ಮಾಡಿ ಮನೆಗೆ ಬರುತ್ತೀರಿ, ಮುಂದಿನ ತಿಂಗಳು ಅದೇ ಕೌಂಟರಿಗೆ ಹೋಗಬೇಕಾದವರು ಅವರು.

ಒಂದು ಸಲ ಬೈಲುಕುಪ್ಪೆಯ ಒಬ್ಬ ಅಜ್ಜಿಯ ಜೊತೆ ಬ್ಯಾಂಕಿಗೆ ಹೋಗಿದ್ದೆ. ಅವರು ಚಳಿಗಾಲದಲ್ಲಿ ಸ್ವೆಟರ್ ಮಾರುವವರು, ನನಗೆ ಇಪ್ಪತ್ತು ವರ್ಷದ ಪರಿಚಯ. ಕೌಂಟರಿನ ಹುಡುಗ ಫಾರಂ ನೋಡಿ, "ಇನಿಶಿಯಲ್ ಏನು?" ಅಂದ. ಟಿಬೆಟನ್ನರಲ್ಲಿ ಜಾಸ್ತಿ ಜನಕ್ಕೆ ಮನೆತನದ ಹೆಸರೇ ಇರುವುದಿಲ್ಲ. ಎರಡು ಹೆಸರು, ಎರಡೂ ಅವರದ್ದೇ. "ಇನಿಶಿಯಲ್ ಇಲ್ಲಪ್ಪ" ಅಂದೆ. "ಇಲ್ಲದೆ ಸಿಸ್ಟಂ ತಗೊಳ್ಳಲ್ಲ." ಕೊನೆಗೆ ಎರಡನೇ ಹೆಸರನ್ನೇ ಸರ್‌ನೇಮ್ ಮಾಡಿದ. ಮುಂದಿನ ಬಾರಿ ಇನ್ನೊಬ್ಬರು ಮೊದಲನೆಯದನ್ನು ಸರ್‌ನೇಮ್ ಮಾಡಿದರು. ಈಗ ಪಾಸ್‌ಬುಕ್ಕಿನ ಅಜ್ಜಿ ಒಬ್ಬರು, ಆರ್‌ಸಿಯ ಅಜ್ಜಿ ಇನ್ನೊಬ್ಬರು. ಇದನ್ನು ಸರಿಮಾಡಿಸಲು ನಾಲ್ಕು ಸಲ ಓಡಾಡಿದೆವು. ಕೊಡವರಿಗೆ ಈ ಫಜೀತಿ ಹೊಸದಲ್ಲ. ನಮ್ಮಲ್ಲಿ ಒಕ್ಕದ, ಅಂದರೆ ಮನೆತನದ, ಹೆಸರು ಮುಂದೆ ಬರುತ್ತದೆ. ಬೆಂಗಳೂರಿನಲ್ಲಿ ಎಷ್ಟು ಕಚೇರಿಗಳಲ್ಲಿ ಅದನ್ನೇ ನಿಮ್ಮ ಹೆಸರು ಅಂದುಕೊಂಡು ಕೂಗಿಲ್ಲ? ಅದಕ್ಕೇ ಹೇಳುವುದು: ಮೊದಲ ಕಾಗದದಲ್ಲಿ ಹೆಸರು ಹೇಗಿದೆಯೋ, ಅಕ್ಷರಕ್ಕೆ ಅಕ್ಷರ ಹಾಗೆಯೇ ಎಲ್ಲ ಕಡೆ ಬರೆಸಿ. ಒಂದು ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಅವರ ಪರ್ಸಿನಲ್ಲಿ ಇಟ್ಟುಬಿಡಿ.

ಹೋಂಸ್ಟೇ ನಡೆಸುವವರು, ಬಾಡಿಗೆಗೆ ಕೊಡುವವರು ಗಮನಿಸಿ. ವಿದೇಶಿಯರು ತಂಗಿದರೆ 24 ಗಂಟೆಯೊಳಗೆ ಅವರ ವಿವರದ ಫಾರಂ (2025ರವರೆಗೆ ಇದಕ್ಕೆ 'ಸಿ ಫಾರಂ' ಅನ್ನುತ್ತಿದ್ದರು) ಆನ್‌ಲೈನ್‌ನಲ್ಲಿ ತುಂಬಬೇಕು. "ಪಾಪ, ನಮ್ಮ ಪರಿಚಯದವರು" ಅಂತ ಬಿಟ್ಟರೆ ತೊಂದರೆ ನಿಮಗೂ ಆಗುತ್ತದೆ, ಅವರಿಗೂ ಆಗುತ್ತದೆ. ಬೈಲುಕುಪ್ಪೆ ಕ್ಯಾಂಪಿನೊಳಗೆ ವಿದೇಶಿ ಪಾಸ್‌ಪೋರ್ಟಿನವರು ರಾತ್ರಿ ತಂಗಲು 'ಪಿಎಪಿ' ಅನ್ನುವ ಪರ್ಮಿಟ್ಟೂ ಬೇಕು. ಅಮೆರಿಕಕ್ಕೋ ಕೆನಡಾಕ್ಕೋ ಹೋಗಿ ಅಲ್ಲಿನ ಪೌರನಾದ ಮಗ ಅಮ್ಮನನ್ನು ನೋಡಲು ಬಂದರೆ, ಪರ್ಮಿಟ್ ಬಂದಿಲ್ಲವಾದರೆ ಹಗಲು ಅಮ್ಮನ ಕೈಯ ತುಕ್ಪಾ (ನೂಡಲ್ ಸೂಪ್) ಕುಡಿದು, ರಾತ್ರಿ ಸೇತುವೆ ದಾಟಿ ಕುಶಾಲನಗರದ ಲಾಡ್ಜಿನಲ್ಲಿ ಮಲಗಬೇಕು. ಅಂಥ ಗೆಸ್ಟ್ ನಿಮ್ಮಲ್ಲಿ ಬಂದರೆ ಬೆಳಗಿನ ಕಾಫಿ ಸ್ವಲ್ಪ ಬೇಗ ಕೊಡಿ, ಅಷ್ಟೇ.

ಬೇರೆ ದೇಶಗಳಿಂದ ಬಂದು ಆಶ್ರಯ ಕೇಳುವವರಲ್ಲಿ ಹಲವರನ್ನು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಯುಎನ್‌ಎಚ್‌ಸಿಆರ್ ನೋಂದಾಯಿಸಿಕೊಂಡು ಕಾರ್ಡ್ ಕೊಡುತ್ತದೆ. ಅದರ ಮುಖ್ಯ ಕಚೇರಿ ದೆಹಲಿಯಲ್ಲಿದೆ, ಚೆನ್ನೈನಲ್ಲೂ ಒಂದಿದೆ. ಆ ಕಾರ್ಡು ವೀಸಾ ಅಲ್ಲ. ಆದರೆ ಪ್ಲಾಸ್ಟಿಕ್ ತುಂಡು ಅಂತ ತಳ್ಳಿಹಾಕುವಂಥದ್ದೂ ಅಲ್ಲ. ಫೋಟೋ ತೆಗೆದು, ಒಂದು ಜೆರಾಕ್ಸ್ ಮಾಡಿಸಿ, ಮೂಲವನ್ನು ಅವರ ಕೈಯಲ್ಲೇ ಬಿಡಿ.

ಮುಖ್ಯವಾದ ಒಂದು ಎಚ್ಚರಿಕೆ. "ಸಾವಿರ ರೂಪಾಯಿ ಕೊಡಿ, ಆಧಾರ್ ಮಾಡಿಸಿ ಕೊಡ್ತೇನೆ" ಅನ್ನುವವನು ಪ್ರತಿ ಪೇಟೆಯಲ್ಲೂ ಒಬ್ಬ ಇರುತ್ತಾನೆ. ಆ ದಾರಿಗೆ ಹೋಗಲೇಬೇಡಿ. ಆಧಾರ್ ಇರುವುದು ಹಿಂದಿನ 12 ತಿಂಗಳಲ್ಲಿ 182 ದಿನ ಇಲ್ಲಿ ವಾಸವಿದ್ದವರಿಗೆ, ಸರಿಯಾದ ದಾಖಲೆಯ ಮೇಲೆ. ಅದು ಪೌರತ್ವದ ಪುರಾವೆ ಅಲ್ಲ. ಸುಳ್ಳು ವಿಳಾಸ, ಸುಳ್ಳು ಹುಟ್ಟೂರು ಬರೆಸಿ ಮಾಡಿಸಿದ ಕಾರ್ಡ್ ನಾಳೆ ಅವರನ್ನು ಜೈಲಿಗೆ ಕಳಿಸಬಹುದು. ಉಪಕಾರ ಮಾಡಲು ಹೋಗಿ ಕುಣಿಕೆ ಕೊಟ್ಟಂತೆ ಆಗುತ್ತದೆ.

ಗೊಂದಲವಿದ್ದರೆ ವಕೀಲರಿಗೆ ದುಡ್ಡು ಸುರಿಯುವ ಮೊದಲು ಮಡಿಕೇರಿಯಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ದುರಂತದಲ್ಲಿ ಸಿಕ್ಕವರಿಗೆ 1987ರ ಕಾಯ್ದೆ ಪ್ರಕಾರ ಅಲ್ಲಿ ಉಚಿತ ನೆರವು ಸಿಗುತ್ತದೆ. ಫೋನಿಗೆ 15100.

ನಾಲ್ಕನೇ ಹೆಜ್ಜೆ: ಮಕ್ಕಳು ಶಾಲೆಗೆ

ಕಾಗದ ಆಗಲಿ, ಆಮೇಲೆ ಶಾಲೆ ಅಂತ ಕಾಯಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಇರುವುದು 6ರಿಂದ 14 ವರ್ಷದ ಮಕ್ಕಳಿಗೆ. ವಯಸ್ಸಿನ ದಾಖಲೆ ಇಲ್ಲ ಅಂತ ಸೇರಿಸಿಕೊಳ್ಳದೆ ಇರುವಂತಿಲ್ಲ. ಟಿಸಿ ಬಂದಿಲ್ಲ ಅನ್ನುವುದೂ ಕಾರಣವಲ್ಲ. ಮುಖ್ಯೋಪಾಧ್ಯಾಯರ ಹತ್ತಿರ ನೀವೇ ಜೊತೆಗೆ ಹೋಗಿ, ನಿಧಾನವಾಗಿ ಮಾತಾಡಿ. ಚಿಕ್ಕ ಮಕ್ಕಳಿಗೆ ಅಂಗನವಾಡಿ, ಬಸುರಿಗೆ ಆಶಾ ಕಾರ್ಯಕರ್ತೆ ಮತ್ತು ತಾಯಿ ಕಾರ್ಡು. ನನ್ನ ಅನುಭವದಲ್ಲಿ ಇಡೀ ವ್ಯವಸ್ಥೆಯಲ್ಲಿ ಅತಿ ಬೇಗ ಬಾಗಿಲು ತೆರೆಯುವವರು ಈ ಅಂಗನವಾಡಿ ಟೀಚರ್‌ಗಳು, ಆಶಾ ಅಕ್ಕಂದಿರು. ಅಲ್ಲಿಂದಲೇ ಶುರುಮಾಡಿ.

ಮಗು ಒಂಟಿಯಾಗಿ ಸಿಕ್ಕಿದರೆ ಮನೆಗೆ ಕರೆದುಕೊಂಡು ಹೋಗಿ ಇಟ್ಟುಕೊಳ್ಳಬೇಡಿ. 1098ಕ್ಕೆ ಫೋನ್ ಮಾಡಿ.

ಐದನೇ ಹೆಜ್ಜೆ: ಮನೆ ಮತ್ತು ಕೆಲಸ

ತೋಟದವರು ಬೇಗ ಹೇಳುವ ಮಾತು: "ಲೈನ್ ಮನೆ ಖಾಲಿ ಉಂಟು, ಬಂದಿರಲಿ." ಲೈನ್ ಮನೆ ಅಂದರೆ ತೋಟದ ಕೆಲಸದವರಿಗೆ ಸಾಲಾಗಿ ಕಟ್ಟಿದ ಮನೆ. ಒಳ್ಳೆಯದೇ. ಆದರೆ ಒಳಗೆ ಹೋಗಿ ಒಮ್ಮೆ ನೋಡಿ. ಸೂರು ಸೋರುತ್ತದಾ? ಕಕ್ಕಸು ಎಷ್ಟು ದೂರ? ರಾತ್ರಿ ಆನೆ ದಾರಿಯಲ್ಲಿ ಇದೆಯಾ? ದೀಪ ಉಂಟಾ? ನಿಮ್ಮ ಮಗಳನ್ನು ಒಂದು ರಾತ್ರಿ ಅಲ್ಲಿ ಮಲಗಿಸಲು ನಿಮಗೆ ಮನಸ್ಸು ಬರದಿದ್ದರೆ ಅದನ್ನು ಮೊದಲು ರಿಪೇರಿ ಮಾಡಿಸಿ.

ಕೆಲಸ ಕೊಡುವ ಮೊದಲು ಕಾಗದ ನೋಡಿ, ಯಾರಿಗೆ ಏನು ಅನುಮತಿ ಇದೆ ತಿಳಿದುಕೊಳ್ಳಿ. ಕೂಲಿ ಎಲ್ಲರಿಗೂ ಒಂದೇ. "ಅವರಿಗೆ ಎಲ್ಲಿಯೂ ಹೋಗ್ಲಿಕ್ಕೆ ಆಗಲ್ಲ, ಕಡಿಮೆಗೆ ಬರ್ತಾರೆ" ಅನ್ನುವ ಲೆಕ್ಕಾಚಾರವನ್ನು ನಾನು ಕಿವಿಯಾರೆ ಕೇಳಿದ್ದೇನೆ, ಅದೂ ಬಹಳ ದಾನಧರ್ಮ ಮಾಡುವ ಮನೆಯಲ್ಲಿ. ಸಂಬಳ ಮೇಸ್ತ್ರಿಯ ಕೈಗೆ ಕೊಡಬೇಡಿ, ದುಡಿದವರ ಕೈಗೇ ಕೊಡಿ. ಇನ್ನೊಂದು ಕೆಟ್ಟ ರೂಢಿ, ಓಡಿಹೋಗದಿರಲಿ ಅಂತ ಗುರುತಿನ ಚೀಟಿಯನ್ನು ರೈಟರ್ (ತೋಟದ ಗುಮಾಸ್ತ) ಡ್ರಾಯರಿನಲ್ಲಿ ಇಟ್ಟು ಬೀಗ ಹಾಕುವುದು. ಜೆರಾಕ್ಸ್ ಇಟ್ಟುಕೊಳ್ಳಿ, ಮೂಲ ವಾಪಸ್ ಕೊಡಿ.

ಬಂದವರ ಕೈಯಲ್ಲಿ ಏನು ಕಸುಬು ಇದೆ ಅಂತ ಯಾರೂ ಕೇಳುವುದಿಲ್ಲ. ಟೈಲರ್ ಆಗಿದ್ದವರನ್ನೂ, ಮೇಷ್ಟ್ರಾಗಿದ್ದವರನ್ನೂ ಒಟ್ಟಿಗೆ ಕಾಫಿ ಕುಯ್ಯಲು ಕಳಿಸುತ್ತೇವೆ. ಕೇಳಿ ನೋಡಿ. ನಮ್ಮ ಊರಿಗೂ ಒಬ್ಬ ಒಳ್ಳೆಯ ಟೈಲರ್ ಬೇಕಾಗಿರಬಹುದು.

ಆರನೇ ಹೆಜ್ಜೆ: ಮಾತು

ಕೊಡಗಿನಲ್ಲಿ ಹೊಸಬರಿಗೆ ಭಾಷೆ ಕಲಿಯುವುದು ಕಷ್ಟ, ಯಾಕೆಂದರೆ ಯಾವುದನ್ನು ಕಲಿಯಬೇಕು ಅಂತಲೇ ಗೊತ್ತಾಗುವುದಿಲ್ಲ. ಒಂದು ಮನೆಯಲ್ಲಿ ಕೊಡವ ತಕ್ಕ್, ಪಕ್ಕದ ಮನೆಯಲ್ಲಿ ಅರೆಭಾಷೆ, ಅಂಗಡಿಯಲ್ಲಿ ಮಲಯಾಳ, ಬಸ್ಸಿನಲ್ಲಿ ಕನ್ನಡ. ಕನ್ನಡದಿಂದ ಶುರುಮಾಡಿಸಿ, ಶಾಲೆಗೂ ಆಸ್ಪತ್ರೆಗೂ ಅದೇ ನಡೆಯುತ್ತದೆ. ಪುಸ್ತಕ ಬೇಡ. ಶುಕ್ರವಾರ ಮಡಿಕೇರಿ ಸಂತೆಗೆ ಜೊತೆಗೆ ಕರೆದುಕೊಂಡು ಹೋಗಿ. "ಇದು ಎಷ್ಟು?", "ಅರ್ಧ ಕೆಜಿ ಕೊಡಿ", "ಜಾಸ್ತಿ ಆಯ್ತು, ಕಮ್ಮಿ ಮಾಡಿ". ಮೂರು ಸಂತೆಯಲ್ಲಿ ಸಂಖ್ಯೆ, ತರಕಾರಿ, ಚೌಕಾಸಿ ಮೂರೂ ಬರುತ್ತವೆ. ನಾಲ್ಕನೇ ಸಂತೆಗೆ ನೀವು ಸ್ವಲ್ಪ ದೂರ ನಿಂತು ನೋಡಿ.

ನೀವೂ ನಾಲ್ಕು ಮಾತು ಕಲಿಯಿರಿ. ಟಿಬೆಟನ್ನರಿಗೆ 'ತಾಶಿ ದೆಲೆಕ್' ಅಂದರೆ ಮುಖ ಅರಳುತ್ತದೆ. ಹೆಸರಿನ ಕೊನೆಗೆ 'ಲಾ' ಸೇರಿಸಿದರೆ ನಮ್ಮ 'ಅವರೇ' ಇದ್ದ ಹಾಗೆ. ವಯಸ್ಸಾದ ಹೆಂಗಸರಿಗೆ 'ಅಮಾ-ಲಾ'. ನಾನು ಸ್ವೆಟರ್ ಅಜ್ಜಿಯನ್ನು ಹಾಗೇ ಕರೆಯುವುದು. ಅವರು ನನ್ನನ್ನು ಇಪ್ಪತ್ತು ವರ್ಷದಿಂದ 'ಅಣ್ಣಾ' ಅನ್ನುತ್ತಾರೆ, ನನಗಿಂತ ಕನಿಷ್ಠ ಇಪ್ಪತ್ತೈದು ವರ್ಷ ದೊಡ್ಡವರು.

ಆಸ್ಪತ್ರೆಯಲ್ಲಿ, ಪೊಲೀಸ್ ಠಾಣೆಯಲ್ಲಿ ಮಾತ್ರ ಮಗುವನ್ನು ದುಭಾಷಿ ಮಾಡಬೇಡಿ. ಶಾಲೆಗೆ ಹೋಗುವ ಮಗು ಬೇಗ ಕನ್ನಡ ಕಲಿಯುತ್ತದೆ ನಿಜ. ಹಾಗಂತ ಅಮ್ಮನ ರಕ್ತಸ್ರಾವದ ವಿಷಯವನ್ನು ಒಂಬತ್ತು ವರ್ಷದ ಹುಡುಗ ಡಾಕ್ಟರಿಗೆ ಹೇಳಬೇಕಾ?

ಏಳನೇ ಹೆಜ್ಜೆ: ಊಟ, ಹಬ್ಬ

ಪುತ್ತರಿಗೆ ಕರೆಯಿರಿ, ಊರಿನ ಹಬ್ಬಕ್ಕೆ ಕರೆಯಿರಿ. ಆದರೆ ಊಟದ ವಿಷಯ ಮೊದಲೇ ಕೇಳಿ. ಪಂದಿಕರಿ ನಮಗೆ ಮರ್ಯಾದೆಯ ಊಟ, ಮುಸ್ಲಿಮರಿಗೆ ನಿಷಿದ್ಧ. ತಟ್ಟೆಗೆ ಬಡಿಸಿದ ಮೇಲೆ ಹೇಳುವ ಸಂಕಟ ಅವರಿಗೆ ಯಾಕೆ? ಕಡಂಬುಟ್ಟಿನ ಜೊತೆ ಒಂದು ತರಕಾರಿ ಸಾರು ಇದ್ದರೆ ಎಲ್ಲರೂ ಕೂತು ಉಣ್ಣಬಹುದು.

ಅವರು ಕರೆದರೆ ತಪ್ಪದೆ ಹೋಗಿ. ಇದನ್ನು ನಾವು ಮರೆಯುತ್ತೇವೆ. ಕೊಡುವವರು ನಾವೇ ಅನ್ನುವ ಗತ್ತು ಇದಕ್ಕೆ ಕಾರಣ. ಫೆಬ್ರವರಿ-ಮಾರ್ಚ್‌ನಲ್ಲಿ ಬರುವ ಲೋಸರ್‌ಗೆ, ಅಂದರೆ ಅವರ ಹೊಸ ವರ್ಷಕ್ಕೆ, ಅಮಾ-ಲಾ ಮನೆಗೆ ಹೋದರೆ ಉಪ್ಪು ಹಾಕಿದ ಬೆಣ್ಣೆ ಚಹಾ ಕೊಡುತ್ತಾರೆ. ಮೊದಲ ಸಲ ನನಗೆ ನುಂಗಲು ಆಗಲಿಲ್ಲ. ಚಹಾ ಅಂತ ಕುಡಿಯಬೇಡಿ, ಸೂಪ್ ಅಂದುಕೊಂಡು ಕುಡಿಯಿರಿ, ಇಳಿಯುತ್ತದೆ. ಲೋಟ ಖಾಲಿ ಮಾಡಿದರೆ ಮತ್ತೆ ತುಂಬುತ್ತಾರೆ, ಅದು ನೆನಪಿರಲಿ.

ಎಂಟನೇ ಹೆಜ್ಜೆ: ವಾಟ್ಸಾಪ್

ಹೊಸಬರು ಬಂದ ತಿಂಗಳೊಳಗೆ ಊರಿನ ಗ್ರೂಪಿನಲ್ಲಿ ಒಂದು ಮೆಸೇಜ್ ಬರುತ್ತದೆ. ಮಕ್ಕಳ ಕಳ್ಳರು, ಬಾಂಗ್ಲಾದವರು, ಎಚ್ಚರ. ಗ್ರೂಪಿನಲ್ಲೇ ಜಗಳಕ್ಕೆ ಇಳಿಯಬೇಡಿ, ಅದರಿಂದ ಮೆಸೇಜು ಇನ್ನೂ ಹತ್ತು ಕಡೆ ಹೋಗುತ್ತದೆ. ಹಾಕಿದವರಿಗೆ ಫೋನ್ ಮಾಡಿ, "ನಾನು ಅವರ ಜೊತೆ ಠಾಣೆಗೆ ಹೋಗಿ ಬಂದಿದ್ದೇನೆ, ಕಾಗದ ನೋಡಿದ್ದೇನೆ" ಅಂತ ಹೇಳಿ. ಮೂರನೇ ಹೆಜ್ಜೆಯ ಓಡಾಟ ಇಲ್ಲಿ ಕೆಲಸಕ್ಕೆ ಬರುತ್ತದೆ. ನಿಜವಾಗಿ ಅನುಮಾನವಿದ್ದರೆ 112 ಇದೆ. ಊರಿನವರು ಸೇರಿ ಮನೆ ಬಾಗಿಲು ತಟ್ಟಿ ಕಾಗದ ಕೇಳುವ ಅಧಿಕಾರ ಯಾರಿಗೂ ಇಲ್ಲ.

ಹಾಗೆಯೇ ಕಿಟ್ ಕೊಡುವ ಫೋಟೋ ತೆಗೆದು ಹಾಕಬೇಡಿ. ಓಡಿ ಬಂದವರನ್ನು ಅಲ್ಲಿ ಇನ್ನೂ ಯಾರೋ ಹುಡುಕುತ್ತಿರಬಹುದು. ಒಂದು ಮುಖ, ಹಿಂದೆ ಒಂದು ಬೋರ್ಡು, ಪತ್ತೆ ಹಚ್ಚಲು ಅಷ್ಟು ಸಾಕು.

ಒಂಬತ್ತನೇ ಹೆಜ್ಜೆ: ಮೂರನೇ ತಿಂಗಳು

ಮೊದಲ ವಾರ ಇಪ್ಪತ್ತು ಜನ ಇರುತ್ತಾರೆ, ಮೂರನೇ ತಿಂಗಳು ಇಬ್ಬರು. ಅದಕ್ಕೇ ಮೊದಲ ದಿನವೇ ಕೆಲಸ ಹಂಚಿ. ಒಬ್ಬರು ಶಾಲೆ, ಒಬ್ಬರು ಆಸ್ಪತ್ರೆ, ಒಬ್ಬರು ಕಚೇರಿ. ಯಾರೂ ವಾರಕ್ಕೆ ಅರ್ಧ ದಿನಕ್ಕಿಂತ ಜಾಸ್ತಿ ಒಪ್ಪಿಕೊಳ್ಳಬೇಡಿ. ನೆಲೆ ತಪ್ಪಿ ಬಂದವರು ನಿದ್ದೆ ಮಾಡುತ್ತಿಲ್ಲ, ಊಟ ಬಿಟ್ಟಿದ್ದಾರೆ ಅನಿಸಿದರೆ 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಟೆಲಿ ಮಾನಸ್, ಕನ್ನಡದಲ್ಲೂ ಮಾತಾಡುತ್ತಾರೆ.

ಕಚೇರಿಗೆ ಜೊತೆ ಹೋಗುವವರು ಒಂದು ಚೀಲ ಸಿದ್ಧ ಇಟ್ಟುಕೊಳ್ಳಿ. ನನ್ನದರಲ್ಲಿ ಇಷ್ಟಿದೆ: ಪ್ಲಾಸ್ಟಿಕ್ ಫೈಲು, ಎಲ್ಲ ಕಾಗದದ ಮೂರು ಜೆರಾಕ್ಸ್, ಪಾಸ್‌ಪೋರ್ಟ್ ಅಳತೆಯ ಫೋಟೋ, ಎರಡು ಪೆನ್ನು, ಹೆಬ್ಬೆಟ್ಟಿಗೆ ಇಂಕ್ ಪ್ಯಾಡು, ನೀರಿನ ಬಾಟಲಿ, ಮತ್ತು 2018ರಿಂದ ಬೇರೆ ಬೇರೆ ನಂಬರಿನ ಮೂರು ಓದುವ ಕನ್ನಡಕ. ಆರ್‌ಸಿ, ಕಾರ್ಡ್, ಬಾಡಿಗೆ ಕರಾರು, ಪ್ರತಿಯೊಂದರ ಅವಧಿ ಮುಗಿಯುವ ತಾರೀಕಿಗೆ ಎರಡು ತಿಂಗಳು ಮೊದಲೇ ಮೊಬೈಲಿನಲ್ಲಿ ಅಲಾರಂ ಇಡಿ. ನನ್ನ ಮೊಬೈಲಿನಲ್ಲಿ 'ಅಮಾ-ಲಾ ಆರ್‌ಸಿ' ಅಂತ ಒಂದು ಇದೆ. ಅದು ಹೊಡೆದ ದಿನ ಅವರಿಗೆ ಫೋನ್ ಮಾಡಿ, ಎಷ್ಟು ಗಂಟೆಯ ಬಸ್ಸಿಗೆ ಬರಲಿ ಅಂತ ಕೇಳುತ್ತೇನೆ.